ಯಂತ್ರದ ಸಾಣೆಯನ್ನು ಮುಚ್ಚಿಡಬೇಡಿ

ಆತ್ಮೀಯರೇ,

ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ಕೊಡಲಿಯನ್ನು ನೀವೇ ಮಾಡಿ ನೋಡಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಜೊತೆಗಿಟ್ಟ ಪತ್ರದಲ್ಲಿ, 'ಮೂರು ಕಲ್ಲು ಒಡೆದುಹೋದವು, ನಾಲ್ಕನೆಯದರ ಅಂಚನ್ನು ಬೇಸತ್ತು ಯಂತ್ರದ ಸಾಣೆಗೆ ಕೊಟ್ಟೆ' ಎಂದಿದ್ದೀರಿ. ಲೇಖನದಲ್ಲಿ, 'ಪೂರ್ವಜರು ಮಾಡಿದಂತೆಯೇ ಮಾಡಿದೆ' ಎಂದಿದೆ. ಇವೆರಡರಲ್ಲಿ ಪತ್ರವೇ ನನಗೆ ಇಷ್ಟವಾಯಿತು.

ಹಳಬರ ಕೆಲಸವನ್ನು ನಾವೇ ಮಾಡಿ ನೋಡಿ ಅರಿಯುವ ಪ್ರಾಯೋಗಿಕ ಪುರಾತತ್ತ್ವದಲ್ಲಿ ಒಡೆದ ಕಲ್ಲೂ ಫಲಿತಾಂಶವೇ. 1950ರ ದಶಕದಲ್ಲಿ ಡೆನ್ಮಾರ್ಕಿನ ಡ್ರಾವೆಡ್ ಕಾಡಿನಲ್ಲಿ ಸಂಶೋಧಕರು ನವಶಿಲಾಯುಗದ ನಿಜವಾದ ಅಲಗುಗಳಿಗೆ ಹೊಸ ಹಿಡಿ ಹಾಕಿ ಮರ ಕಡಿದರು. ಕಬ್ಬಿಣದ ಕೊಡಲಿಯಂತೆ ಹೆಗಲಿನಿಂದ ಜೋರಾಗಿ ಬೀಸಿದಾಗ ಅಲಗುಗಳು ಹಾಳಾದವು. ಮೊಣಕೈಯಿಂದ ಚಿಕ್ಕ ಚಿಕ್ಕ ಏಟು ಹಾಕತೊಡಗಿದ ಮೇಲೆಯೇ ಕೆಲಸ ಸಾಗಿತು. ಹಾಳಾದ ಅಲಗುಗಳ ಸಂಗತಿಯನ್ನು ಅವರು ಬಚ್ಚಿಟ್ಟಿದ್ದರೆ ಕಲ್ಲುಕೊಡಲಿಗೆ ಬೇರೆಯದೇ ಕೈವರಸೆ ಬೇಕೆಂಬುದು ನಮಗೆ ತಿಳಿಯುತ್ತಿರಲಿಲ್ಲ. ನಿಮ್ಮ ಮೂರು ಕಲ್ಲುಗಳು ಹೇಗೆ ಒಡೆದವು? ಪೆಟ್ಟು ಎಲ್ಲಿ ಬಿತ್ತು, ಬಿರುಕು ಎತ್ತ ಓಡಿತು? ಅದನ್ನು ಬರೆಯಿರಿ.

ಮಸೆಯುವ ಕೆಲಸಕ್ಕೆ ನೀವು ಕೊಟ್ಟಿರುವುದು ಒಂದೇ ವಾಕ್ಯ: 'ನಂತರ ನುಣುಪುಗೊಳಿಸಿದೆ'. ಚಕ್ಕೆ ಎಬ್ಬಿಸಿ ಆಕಾರ ಕೊಡುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಇದೇ. ಸಂಗನಕಲ್ಲಿನ ಬಂಡೆಗಳ ಮೇಲೆ ಕೊಡಲಿ ಮಸೆದ ಉದ್ದನೆಯ ಗುಳಿಗಳು ಇಂದಿಗೂ ಕಾಣುತ್ತವೆ. ಅವುಗಳ ಮುಂದೆ ನಿಂತು ಬಂದವರು ಯಂತ್ರಕ್ಕೆ ಕಲ್ಲು ಕೊಟ್ಟಿರೆಂದು ಓದಿ ನನಗೆ ನಿಜವಾಗಿ ನೋವಾಯಿತು.

ಇನ್ನೆರಡು ತಿದ್ದುಪಡಿ. ಅಲ್ಲಿಯ ಕೊಡಲಿಗಳು ಚಕಮಕಿ ಕಲ್ಲಿನವಲ್ಲ, ಡೋಲರೈಟ್ ಎಂಬ ಕಪ್ಪು ಗಟ್ಟಿ ಶಿಲೆಯವು. ಅವನ್ನು ಮಾಡಿದವರನ್ನು 'ಆದಿಮಾನವ' ಎನ್ನಬೇಡಿ. ಅವರು ದನ ಸಾಕಿದವರು. ಹುರುಳಿ, ಹೆಸರು, ಕೊರಲೆ ಬೆಳೆದವರು.

ಒಂದು ವಿಷಯದಲ್ಲಿ ಮಾತ್ರ ಕಟುವಾಗಿ ಹೇಳಬೇಕಾಗಿದೆ. ಸಂಗನಕಲ್ಲಿನ ಹಿರೇಗುಡ್ಡದ ಮೇಲೆಯೇ ಕುಳಿತು ಕಲ್ಲು ಒಡೆದು, ಚಕ್ಕೆಗಳನ್ನು ಅಲ್ಲೇ ಬಿಟ್ಟು ಬಂದಿದ್ದೀರಿ. ಮೂರೂವರೆ ಸಾವಿರ ವರ್ಷದ ಹಳೆಯ ಚಕ್ಕೆಗಳ ನಡುವೆ ನಿಮ್ಮವು ಸೇರಿಕೊಂಡರೆ, ನಾಳೆ ಅಲ್ಲಿ ಎಣಿಸಿ ಅಳೆಯುವವರ ಲೆಕ್ಕ ಕೆಡುತ್ತದೆ. ಪ್ರಯೋಗಕ್ಕೆ ಕಲ್ಲನ್ನು ಬೇರೆಡೆಯಿಂದ ತನ್ನಿ, ಮನೆಯಂಗಳದಲ್ಲಿ ಗೋಣಿತಾಟು ಹಾಸಿ ಒಡೆಯಿರಿ, ಚೂರುಗಳನ್ನೆಲ್ಲ ಚೀಲಕ್ಕೆ ತುಂಬಿ ದಿನಾಂಕ ಬರೆದಿಡಿ. ಕಣ್ಣಿಗೆ ಕನ್ನಡಕವಿರಲಿ.

'ಒಳಗೆ ಬಿರುಕಿದ್ದ ಕಲ್ಲು ಒಡೆಯುವ ಮೊದಲೇ ಮಂಕಾಗಿ ಸದ್ದು ಮಾಡಿತು' ಎಂಬ ನಿಮ್ಮ ಸಾಲನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಅದು ಪುಸ್ತಕದಿಂದ ಬಂದದ್ದಲ್ಲ. ಅದೇ ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ದನಿಗೊಡುವ ಡೋಲರೈಟ್ ಬಂಡೆಗಳಿವೆ. ಆ ಜನರೂ ಕಲ್ಲಿನ ದನಿ ಕೇಳಿದವರೇ. ಅವರು ಕಲ್ಲನ್ನು ದನಿಯಿಂದಲೇ ಆರಿಸುತ್ತಿದ್ದರು ಎಂದು ಮಾತ್ರ ಬರೆಯಬೇಡಿ. ಹಾಗೆ ಆರಿಸಲು ಸಾಧ್ಯ ಎಂಬಷ್ಟನ್ನೇ ನಿಮ್ಮ ಕೈ ತೋರಿಸಿದೆ.

ಐದನೆಯ ಕಲ್ಲನ್ನು ಮರಳು, ನೀರು ಹಾಕಿ ಕೈಯಲ್ಲೇ ಮಸೆಯಿರಿ. ಗಂಟೆಗೊಮ್ಮೆ ತೂಕ ಬರೆದಿಡಿ. ಮುಗಿಯದಿದ್ದರೆ ಅರ್ಧ ಮಸೆದ ಕಲ್ಲಿನ ಚಿತ್ರವನ್ನೇ ಕಳಿಸಿ, ಅದಕ್ಕೂ ಪುಟ ಕೊಡುತ್ತೇನೆ.

ವಿಶ್ವಾಸದಿಂದ,
ಸಂಪಾದಕ