ಸೈನಿಕ ಪದಕ ಕೊಳ್ಳುವ ಮೊದಲು ಅದರ ಅಂಚನ್ನು ಓದಿ

ಹಳೆಯ ಸಾಮಾನಿನ ಅಂಗಡಿಯಲ್ಲಿ ಮೊದಲ ಮಹಾಯುದ್ಧದ ಪದಕಗಳನ್ನು ಕಂಡಿರಿ, ಸಂಗ್ರಹಿಸುವ ಆಸೆಯಾಗಿದೆ, ಯಾವುದನ್ನು ಕೊಳ್ಳಬೇಕು, ಅದನ್ನು ಪಡೆದ ಸೈನಿಕ ಯಾರೆಂದು ಪತ್ತೆ ಹಚ್ಚಲು ಆಗುತ್ತದೆಯೇ ಎಂದು ಕೇಳಿದ್ದೀರಿ. ನಿಮ್ಮ ಎರಡನೆಯ ಪ್ರಶ್ನೆಯಲ್ಲೇ ಮೊದಲನೆಯದಕ್ಕೆ ಉತ್ತರವಿದೆ. ಯಾರದೆಂದು ಹುಡುಕಲು ದಾರಿ ಇರುವ ಪದಕವನ್ನೇ ಕೊಳ್ಳಿ. ಅಂದ, ಹಳಮೆ, ಬೆಲೆ ಇವೆಲ್ಲ ಆಮೇಲಿನ ಮಾತು. ನಾನು ಹಲವು ವರ್ಷಗಳಿಂದ ಈ ಹವ್ಯಾಸದಲ್ಲಿದ್ದೇನೆ, ಮೈಸೂರು ಸಂಸ್ಥಾನದ ಪಡೆಗಳ ಪದಕಗಳೆಂದರೆ ನನಗೆ ವಿಶೇಷ ಪ್ರೀತಿ. ಹಾಗಾಗಿ ಉದಾಹರಣೆಗಳು ಆ ಕಡೆಗೇ ವಾಲುತ್ತವೆ.

ನೀವು ಕಂಡದ್ದು ಬಹುಮಟ್ಟಿಗೆ ಬ್ರಿಟಿಷ್ ವಾರ್ ಮೆಡಲ್ ಇರಬೇಕು. ಬೆಳ್ಳಿಯದು, 36 ಮಿಲಿಮೀಟರ್ ಅಗಲ. ಒಂದು ಬದಿಯಲ್ಲಿ ಐದನೆಯ ಜಾರ್ಜ್ ದೊರೆಯ ಮುಖ. ಇನ್ನೊಂದು ಬದಿಯಲ್ಲಿ ಕುದುರೆಯ ಮೇಲೆ ಬರಿಮೈಯ ಸವಾರ, ಗೊರಸಿನ ಕೆಳಗೆ ಶತ್ರು ಜರ್ಮನಿಯ ಪ್ರಷ್ಯಾ ರಾಜ್ಯದ ಗುರಾಣಿ. ಇಂಥವನ್ನು ಸುಮಾರು 65 ಲಕ್ಷ ಮಂದಿಗೆ ಹಂಚಿದರು. ಮುಖ ನೋಡಿದರೆ ಅಷ್ಟೂ ಒಂದೇ. ಅಂಗಡಿಯವನೂ ಮುಖವನ್ನೇ ತೋರಿಸುತ್ತಾನೆ, ಜಾಹೀರಾತಿನ ಚಿತ್ರದಲ್ಲೂ ಮುಖವೇ ಇರುತ್ತದೆ. ನೀವು ಪದಕವನ್ನು ಓರೆಯಾಗಿ ಹಿಡಿದು, ಬೆಳಕು ಅಂಚಿನ ಮೇಲೆ ಬೀಳುವಂತೆ ಮೆಲ್ಲಗೆ ತಿರುಗಿಸಿ. ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆ ಎಲ್ಲವನ್ನೂ ಅಲ್ಲಿ ಅಚ್ಚೊತ್ತಿರುತ್ತಾರೆ. 65 ಲಕ್ಷದಲ್ಲಿ ಇದೊಂದು ಇಂಥವನದೇ ಎಂದು ಹೇಳುವುದು ಆ ಮೂರು ಮಿಲಿಮೀಟರಿನಷ್ಟು ದಪ್ಪದ ಜಾಗ ಮಾತ್ರ.

ಬರಹವೆಲ್ಲ ಸಂಕ್ಷೇಪಗಳಲ್ಲಿ ಇರುತ್ತದೆ. ಸವಾರ, ಸಿಪಾಯಿ, ನಾಯಕ, ಹವಾಲ್ದಾರ, ಜಮಾದಾರ ಎಂಬುವನ್ನೆಲ್ಲ ಮೂರು ನಾಲ್ಕು ಅಕ್ಷರಗಳಿಗೆ ಇಳಿಸಿರುತ್ತಾರೆ. ಹೆಸರಿನ ಕಾಗುಣಿತ ಬರೆದುಕೊಂಡ ಗುಮಾಸ್ತನ ಕಿವಿಗೆ ಬಿದ್ದಂತೆ. ಒಂದೇ ಹೆಸರು ಪದಕದ ಮೇಲೆ ಒಂದು ಬಗೆ, ಕಡತದಲ್ಲಿ ಇನ್ನೊಂದು ಬಗೆ, ಸ್ಮಾರಕದ ಕಲ್ಲಿನ ಮೇಲೆ ಮತ್ತೊಂದು ಬಗೆ ಇರುವುದುಂಟು. ಆದ್ದರಿಂದ ಹುಡುಕುವಾಗ ಹೆಸರಿಗಿಂತ ಸಂಖ್ಯೆ ಮತ್ತು ಪಡೆಯನ್ನು ಹೆಚ್ಚು ನಂಬಿ.

ಈಗ ಮೇಜಿನ ಮೇಲೆ ನನ್ನ ಮುಂದಿರುವುದು ಬೆಳ್ಳಿಯದಲ್ಲ, ಅದೇ ಪದಕದ ಕಂಚಿನ ರೂಪ. ಮುಖದ ಚಿತ್ರಗಳಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಬಣ್ಣ ಹುರಿದ ಕಾಫಿ ಬೀಜದ್ದು. ಅಂಚಿನಲ್ಲಿ ಒಂದು ಸಂಖ್ಯೆ, ‘ಕೂಲಿ’ ಎಂಬ ದರ್ಜೆ, ಒಂಟಿ ಹೆಸರು, ಕೊನೆಗೆ ಲೇಬರ್ ಕೋರ್. ತಂದೆಯ ಹೆಸರಿಲ್ಲ, ಊರಿಲ್ಲ. ಭಾರತ, ಚೀನಾ, ಮಾಲ್ಟಾ ಮುಂತಾದ ಕಡೆಗಳಿಂದ ಕರೆದೊಯ್ದ ಕಾರ್ಮಿಕ ದಳಗಳಿಗೆ ಸುಮಾರು 1,10,000 ಕಂಚಿನ ಪದಕ ಕೊಟ್ಟರು. ರಸ್ತೆ ಕಡಿದವರು, ಹಡಗಿನಿಂದ ಮೂಟೆ ಇಳಿಸಿದವರು ಇವರು. ಅದೇ ಯುದ್ಧ, ಅದೇ ದೊರೆ, ಲೋಹ ಮಾತ್ರ ಬೇರೆ. ಸಂಖ್ಯೆಯಲ್ಲಿ ಬೆಳ್ಳಿಗಿಂತ ಎಷ್ಟೋ ಅಪರೂಪವಾದರೂ ಬಹಳ ಮಂದಿ ಸಂಗ್ರಾಹಕರು ಇದನ್ನು ಬದಿಗೆ ಸರಿಸುತ್ತಾರೆ, ಕೂಲಿಯವನ ಹಿಂದೆ ಕಥೆ ಏನಿದ್ದೀತು ಎಂದು. ಈ ಧೋರಣೆ ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಮನುಷ್ಯನ ಹೆಸರು ಇನ್ನೆಲ್ಲಿಯೂ ಉಳಿದಿರಲಾರದು. ಈ ಅಂಚೇ ಅವನ ಶಾಸನ. ಕಂಚಿನ ಪದಕ ಸಿಕ್ಕರೆ ಬಿಡಬೇಡಿ.

ಇನ್ನು ಹುಡುಕಾಟ. ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯ ಸವಾರನೊಬ್ಬನ ಪದಕ ನಿಮಗೆ ಸಿಕ್ಕಿತು ಎಂದುಕೊಳ್ಳಿ. ಆ ಪಡೆ 1914ರಲ್ಲಿ ಈಜಿಪ್ಟಿಗೆ ಹೋಯಿತು, ಸೂಯೆಜ್ ಕಾಲುವೆ ಕಾಯಿತು, ಆಮೇಲೆ ಪ್ಯಾಲೆಸ್ಟೈನ್ ಕಡೆಗೆ ನಡೆಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಸವಾರರು ಊರಿನತ್ತ ನೇರ ನುಗ್ಗಿದರೆ, ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಏರು ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿದ್ದಿತು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಪ್ರತಿಮೆಯಾಗಿ ನಿಂತಿರುವ ಮೂವರಲ್ಲಿ ಒಬ್ಬ ನಮ್ಮ ಮೈಸೂರಿನವನು. ಇನ್ನಿಬ್ಬರು ಜೋಧಪುರ, ಹೈದರಾಬಾದಿನವರು. ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಈ ಪಡೆಯ ಸ್ಮಾರಕವಿದೆ. ಒಮ್ಮೆ ಹೋಗಿ ನೋಡಿ ಬನ್ನಿ.

ಆದರೆ ನಿಮ್ಮ ಸವಾರ ಆ ದಿನ ಬೆಟ್ಟ ಹತ್ತಿದನೇ? ಅದನ್ನು ಪದಕ ಹೇಳುವುದಿಲ್ಲ. ಪಡೆಯ ಯುದ್ಧ ದಿನಚರಿಯಲ್ಲಿ ಎಲ್ಲಿ ಬೀಡುಬಿಟ್ಟರು, ಎಷ್ಟು ಕುದುರೆ ಸತ್ತವು ಎಂಬುದು ಸಿಗುತ್ತದೆ. ಅಧಿಕಾರಿಗಳ ಹೆಸರೂ ಸಿಗುತ್ತದೆ. ಸವಾರನ ಹೆಸರು ಕಾಣುವುದು ಅವನು ಸತ್ತರೆ, ಗಾಯಗೊಂಡರೆ ಅಥವಾ ಶೌರ್ಯ ಪದಕ ಪಡೆದರೆ ಮಾತ್ರ, ಅದೂ ಅದೃಷ್ಟವಿದ್ದರೆ. ಮೊದಲು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಜಾಲತಾಣದಲ್ಲಿ ಪಡೆಯ ಹೆಸರು ಕೊಟ್ಟು ನೋಡಿ. ಯುದ್ಧದಲ್ಲಿ ಮಡಿದವನಾದರೆ ಅಲ್ಲಿ ಸಿಗಬೇಕು. ಈಜಿಪ್ಟ್ ಮತ್ತು ಪ್ಯಾಲೆಸ್ಟೈನಿನಲ್ಲಿ ಸತ್ತು ಸಮಾಧಿಯ ಗುರುತಿಲ್ಲದ ಸುಮಾರು 4,000 ಭಾರತೀಯರ ಸ್ಮಾರಕ ಮೊದಲು ಸೂಯೆಜ್ ಬಳಿಯ ಪೋರ್ಟ್ ತೌಫೀಕಿನಲ್ಲಿತ್ತು. ಮುಂದೆ ಇಸ್ರೇಲ್–ಈಜಿಪ್ಟ್ ಕಾದಾಟದಲ್ಲಿ ಅದು ಹಾಳಾಯಿತು, ಹೆಸರುಗಳು ಈಗ ಕೈರೋದ ಹೆಲಿಯೊಪೊಲಿಸ್ ಸ್ಮಶಾನದ ಫಲಕಗಳಲ್ಲಿವೆ. ಇರಾಕಿನ ಬಸ್ರಾ ಸ್ಮಾರಕದ ಕಥೆ ಇನ್ನೂ ನೋವಿನದು. ಅಲ್ಲಿ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದರು, ಭಾರತೀಯರಲ್ಲಿ ಅಧಿಕಾರಿಗಳ ಹೆಸರನ್ನಷ್ಟೇ ಕೆತ್ತಿದರು, ಸಿಪಾಯಿಗಳನ್ನು ಇಂಥ ಪಡೆಯ ಇಷ್ಟು ಮಂದಿ ಎಂದು ಸಂಖ್ಯೆಯಲ್ಲಿ ಮುಗಿಸಿದರು. ಅಂಥ ಸಿಪಾಯಿಯೊಬ್ಬನ ಪದಕ ನಿಮ್ಮ ಕೈಗೆ ಬಂದರೆ, ಕಲ್ಲು ಹೇಳದ ಹೆಸರನ್ನು ಅದು ಹೇಳುತ್ತಿದೆ ಎಂದು ತಿಳಿಯಿರಿ.

ಬದುಕಿ ಬಂದವನಾದರೆ ಹುಡುಕಾಟ ಕಷ್ಟ. ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಪದಕ ಸೂಚಿ ಕಾರ್ಡುಗಳು ಹೆಚ್ಚಿನಂಶ ಬ್ರಿಟಿಷ್ ಸೈನ್ಯದವರವು, ಭಾರತೀಯ ಸಿಪಾಯಿಗಳು ಅಲ್ಲಿ ಕಡಿಮೆ. ಬ್ರಿಟಿಷ್ ಸೈನಿಕರ ಸೇವಾ ಕಡತಗಳಲ್ಲೂ ಬಹುಪಾಲು 1940ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಲಾಹೋರ್ ವಸ್ತುಸಂಗ್ರಹಾಲಯದಲ್ಲಿದ್ದ ಪಂಜಾಬಿನ ದಾಖಲೆ ಪುಸ್ತಕಗಳು 2021ರಲ್ಲಿ ಅಂತರ್ಜಾಲಕ್ಕೆ ಬಂದಾಗ ಸುಮಾರು 3,20,000 ಸೈನಿಕರ ವಿವರ ಹಳ್ಳಿಹಳ್ಳಿಯ ಲೆಕ್ಕದಲ್ಲಿ ಬೆಳಕಿಗೆ ಬಂದಿತು. ಪಂಜಾಬಿನವರು ಈಗ ಮುತ್ತಜ್ಜನ ಹೆಸರನ್ನು ಊರಿನ ಪಟ್ಟಿಯಲ್ಲೇ ಹುಡುಕಬಹುದು. ನಮ್ಮ ಕಡೆಯ ಪಡೆಗಳಿಗೆ ಅಂಥದ್ದೊಂದು ಆಗಲಿ ಎಂಬುದು ನನ್ನ ಬಹುಕಾಲದ ಆಸೆ. ಸದ್ಯಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನ ಕಾಲದ ಕಡತಗಳನ್ನು ಕೇಳಿ ನೋಡಿ. ಪಿಂಚಣಿ, ಇನಾಮು ಜಮೀನು, ವಿಧವೆಯರ ಅರ್ಜಿ ಇಂಥ ಕಾಗದಗಳಲ್ಲಿ ಸಾಮಾನ್ಯ ಸವಾರ ಇಣುಕುವ ಸಾಧ್ಯತೆ ಯುದ್ಧದ ವರದಿಗಳಿಗಿಂತ ಹೆಚ್ಚು. ಒಂದು ಹೆಸರಿಗಾಗಿ ಇಡೀ ದಿನ ಧೂಳು ಕುಡಿಯಬೇಕಾದೀತು, ತಾಳ್ಮೆ ಬೇಕು.

ಎದುರಾಳಿಯ ಕಡೆಯ ಬರಹವನ್ನೂ ಬಿಡಬೇಡಿ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರನ್ನು ನೆನೆಯಿರಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು ಮರಳಲಿಲ್ಲ. ಏನಾಯಿತೆಂದು ನಮ್ಮವರಿಗೆ ಗೊತ್ತಾಗಲಿಲ್ಲ. ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕ ಹೊರಬಂದ ಮೇಲೆಯೇ, ತಮಗಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ದೇವಯ್ಯ ಅದನ್ನು ಕೆಡವಿದ್ದರು ಎಂಬುದು ತಿಳಿಯಿತು. 1988ರಲ್ಲಿ, ಯುದ್ಧ ಮುಗಿದು 23 ವರ್ಷಗಳ ನಂತರ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂದಿತು. ನಾವು ಪದಕ ಹಿಡಿದು ಕಥೆ ಹುಡುಕುತ್ತೇವೆ. ಇಲ್ಲಿ ಕಥೆ ಸಿಕ್ಕ ಮೇಲೆ ಪದಕ ಬಂದಿತು.

ಶ್ರೀರಂಗಪಟ್ಟಣದ ಪದಕ ಕೊಳ್ಳಬಹುದೇ ಎಂದು ಮುಂದೊಂದು ದಿನ ಕೇಳಿಯೇ ಕೇಳುತ್ತೀರಿ. 1799ರಲ್ಲಿ ಟಿಪ್ಪು ಮಡಿದ ಯುದ್ಧಕ್ಕಾಗಿ ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ್ದು, ಹುಲಿಯನ್ನು ಸಿಂಹ ಕೆಡವುವ ಚಿತ್ರವಿರುವುದು. ಸೇನಾಪತಿಗಳಿಗೆ ಚಿನ್ನ, ಕೆಳಗಿನವರಿಗೆ ಬೆಳ್ಳಿ, ಕಂಚು, ಸಿಪಾಯಿಗೆ ತವರ. ನೋಡಲು ಅದ್ಭುತ, ಆದರೆ ಹೆಸರು ಹಾಕದೆ ಹಂಚಿದ್ದು. ಯಾರದೆಂದು ತಿಳಿಯುವ ದಾರಿ ಇಲ್ಲ, ನಕಲುಗಳೂ ಉಂಟು. ಹೊಸಬರು ಅದರ ತಂಟೆಗೆ ಹೋಗದಿರುವುದು ಲೇಸು.

ಮೋಸದ ಬಗ್ಗೆ ಒಂದೆರಡು ಮಾತು. ಮಾಮೂಲಿ ಹೆಸರನ್ನು ಅರದಿಂದ ಉಜ್ಜಿ ತೆಗೆದು, ಬೆಲೆ ಬರುವ ಪಡೆಯ ಹೆಸರು ಕೆತ್ತುವವರಿದ್ದಾರೆ. ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ, ಉಜ್ಜಿದ ಪದಕ ಅಳತೆಯಲ್ಲಿ ಸವೆದಿರುತ್ತದೆ. ಅಕ್ಷರಗಳು ಅಚ್ಚೊತ್ತಿದವೋ ಉಳಿಯಿಂದ ಕೊರೆದವೋ ಎಂದು ಭೂತಗನ್ನಡಿಯಲ್ಲಿ ನೋಡಿ. ಮನೆಗೆ ತಂದ ಮೇಲೆ ದಯವಿಟ್ಟು ವಿಭೂತಿ, ಹುಣಸೆಹಣ್ಣು ಹಾಕಿ ಬೆಳಗಬೇಡಿ. ಬೆಳಗಿದಷ್ಟೂ ಹೆಸರು ಅಳಿಯುತ್ತದೆ. ಪದಕ ಕಪ್ಪಾಗಿಯೇ ಇರಲಿ. ಕಾನೂನಿನ ಕಡೆಗೂ ಗಮನವಿರಲಿ: ನೂರು ವರ್ಷ ದಾಟಿದ ವಸ್ತುಗಳ ಮಾರಾಟ ಮತ್ತು ಸಾಗಣೆಗೆ 1972ರ ಪುರಾವಸ್ತು ಕಾಯಿದೆಯ ನಿರ್ಬಂಧಗಳಿವೆ. ಪರವಾನಗಿ ಇರುವವರಿಂದ, ರಸೀದಿ ಪಡೆದು ಕೊಳ್ಳಿ.

ಅಕ್ಕಸಾಲಿಗರ ಬಳಿ ಪರಿಚಯ ಬೆಳೆಸಿಕೊಳ್ಳಿ. 1980ರ ಸುಮಾರಿಗೆ ಬೆಳ್ಳಿಯ ಬೆಲೆ ಏರಿದಾಗ ಎಷ್ಟೋ ಪದಕಗಳು ತೂಕಕ್ಕೆ ಬಿದ್ದು ಕರಗಿಹೋದವು, ಇಂದಿಗೂ ಹೋಗುತ್ತಿವೆ. ಕರಗಿಸುವ ಮುನ್ನ ನನಗೊಂದು ಫೋನ್ ಮಾಡಿ ಎಂದು ಹೇಳಿಟ್ಟರೆ ಬಹಳ ಮಂದಿ ಮಾಡುತ್ತಾರೆ. ಕೊಳ್ಳಲು ಆಗದಿದ್ದರೂ ಅಂಚಿನ ಸುತ್ತಲೂ ಚಿತ್ರ ತೆಗೆದುಕೊಳ್ಳಿ.

ಕೊನೆಗೆ, ಹುಡುಕುತ್ತ ಹೋಗಿ ಆ ಸೈನಿಕನ ಮನೆಯವರೇ ಸಿಕ್ಕರೆ ಏನು ಮಾಡುತ್ತೀರಿ ಎಂಬುದನ್ನು ಕೊಳ್ಳುವ ದಿನವೇ ಯೋಚಿಸಿಡಿ. ನಾನು ಪಾಲಿಸುವುದು ಇದು: ನಾನಾಗಿ ಅವರ ಬಾಗಿಲಿಗೆ ಹೋಗುವುದಿಲ್ಲ, ಊರಿನ ಹಿರಿಯರೊಬ್ಬರ ಮೂಲಕವೋ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕವೋ ಸುದ್ದಿ ಮುಟ್ಟಿಸುತ್ತೇನೆ. ಸಂಗ್ರಹಿಸಿದ ಕಾಗದಗಳ ಪ್ರತಿಯನ್ನು ಅವರು ಕೇಳಿದರೂ ಕೇಳದಿದ್ದರೂ ಕೊಡುತ್ತೇನೆ. ಪದಕವನ್ನೇ ಬಯಸಿದರೆ ನಾನು ಕೊಟ್ಟ ಬೆಲೆಗೆ ಬಿಟ್ಟುಕೊಡುತ್ತೇನೆ, ಅದೂ ಅವರಿಗೆ ಕಷ್ಟವಾದರೆ ಹಣ ಪಡೆಯದೆ ಹಾಗೆಯೇ. ನೀವು ಕಂಡ ಪದಕದ ಅಂಚಿನಲ್ಲಿ ಏನಿದೆಯೋ ಅದನ್ನು ಒಂದಕ್ಷರ ಬಿಡದೆ ಇಲ್ಲಿ ಬರೆದು ತಿಳಿಸಿ, ಪಡೆ ಯಾವುದೆಂದು ಹೇಳಲು ನೋಡುತ್ತೇನೆ.