ಹೃದಯದ ಪಂಪಿಂಗ್ ಶೇ. 30: ಗುದದ ಆಪರೇಷನ್ ಮಾಡಿಸಬಹುದೇ?

ಪ್ರಶ್ನೆ: ನನ್ನ ಅತ್ತೆಗೆ 78 ವರ್ಷ. ಕಕ್ಕಸಿಗೆ ಕೂತಾಗ ಗುದ ಮೂರು ಬೆರಳಿನಷ್ಟು ಹೊರಗೆ ಬೀಳುತ್ತದೆ, ಕೈಯಿಂದ ಒತ್ತಿ ಒಳಹಾಕಬೇಕು. ಎರಡು ತಿಂಗಳ ಹಿಂದೆ ಸ್ಟೆಂಟ್ ಹಾಕಿದ್ದಾರೆ, ಪಂಪಿಂಗ್ ಶೇ. 30. ಒಬ್ಬ ಡಾಕ್ಟರು ಹೊಟ್ಟೆಯ ಮೂಲಕ ಲ್ಯಾಪರೊಸ್ಕೋಪಿ ಒಳ್ಳೆಯದೆಂದರು, ಇನ್ನೊಬ್ಬರು ಕೆಳಗಿನಿಂದಲೇ ಮಾಡೋಣ ಎಂದರು. ಯಾವುದು ಸರಿ?
– ಓದುಗರು, ಕಾಪು

ಉತ್ತರ: ಗುದನಾಳವನ್ನು ಮೇಲಕ್ಕೆಳೆದು ಬೆನ್ನುಮೂಳೆಯ ತಳಕ್ಕೆ ಬಿಗಿಯುವ ರೆಕ್ಟೊಪೆಕ್ಸಿಯಲ್ಲಿ ತೊಂದರೆ ಮರುಕಳಿಸುವುದು ಕಡಿಮೆ, ನಿಜ. ಆದರೆ ಲ್ಯಾಪರೊಸ್ಕೋಪಿಗೆ ಪೂರ್ತಿ ಮಂಪರು ಕೊಟ್ಟು, ಹೊಟ್ಟೆಗೆ ಗ್ಯಾಸ್ ತುಂಬಿ, ತಲೆ ಕೆಳಗಾಗಿ ಓರೆ ಮಲಗಿಸಬೇಕು. ಶೇ. 30 ಪಂಪಿಂಗ್‌ನ ಹೃದಯಕ್ಕೆ ಅದು ದೊಡ್ಡ ಹೊರೆ. ನಿಮ್ಮ ಅತ್ತೆಗೆ ಕೆಳಗಿನ ದಾರಿಯೇ ವಾಸಿ, ಆದರೆ ಈಗಲೇ ಅಲ್ಲ.

ಅಡ್ಡಿ ಇರುವುದು ಸ್ಟೆಂಟ್‌ನಲ್ಲಿ. ಕೆಳಗಿನಿಂದ ಮಾಡಲು ಸೊಂಟದ ಕೆಳಭಾಗ ಮರಗಟ್ಟಿಸುವ ಇಂಜೆಕ್ಷನ್ನನ್ನು ಬೆನ್ನಿಗೆ ಕೊಡಬೇಕಾದರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ಮಾತ್ರೆಯನ್ನು 5–7 ದಿನ ಮೊದಲೇ ನಿಲ್ಲಿಸಬೇಕು. ಹೊಸ ಸ್ಟೆಂಟ್ ಇರುವಾಗ ನಿಲ್ಲಿಸಿದರೆ ಅದರೊಳಗೇ ರಕ್ತ ಹೆಪ್ಪುಗಟ್ಟೀತು. ತುರ್ತಿಲ್ಲದ ಆಪರೇಷನ್ನನ್ನು ಸಾಮಾನ್ಯವಾಗಿ ಸ್ಟೆಂಟ್ ಹಾಕಿ ಕನಿಷ್ಠ 6 ತಿಂಗಳು ಆಗುವವರೆಗೆ ಮುಂದೂಡುತ್ತಾರೆ. ಮಾತ್ರೆ ನಿಲ್ಲಿಸುವ ತೀರ್ಮಾನ ಹೃದಯದ ಡಾಕ್ಟರರದ್ದು, ಮನೆಯವರದ್ದಲ್ಲ.

ಆಮೇಲೆ, ಸುಮಾರು 5 ಸೆಂ.ಮೀ.ವರೆಗಿನ ಜಾರುವಿಕೆಗೆ ಡೆಲೋರ್ಮ್ ವಿಧಾನ ಒಪ್ಪುತ್ತದೆ: ಹೊರಬಿದ್ದ ಭಾಗದ ಒಳಪದರವನ್ನಷ್ಟೇ ಬಿಡಿಸಿ ತೆಗೆದು, ಸ್ನಾಯುವನ್ನು ಸೀರೆಯ ನೆರಿಗೆಯಂತೆ ಕೂಡಿಸಿ ಹೊಲಿಯುತ್ತಾರೆ. ಇನ್ನೂ ಉದ್ದವಿದ್ದರೆ ಆಲ್ಟೆಮೈಯರ್, ಅಂದರೆ ಕರುಳಿನ ತುಂಡನ್ನೇ ಕತ್ತರಿಸಿ ಜೋಡಿಸುವುದು. ಅಲ್ಲಿ ಜೋಡಣೆ ಸೋರುವ ಭಯವಿದೆ. ಗುದದ ಸುತ್ತ ದಾರ ಬಿಗಿಯುವ ಥಿಯರ್ಶ್ ವಿಧಾನ ಆ ಜಾಗ ಮಾತ್ರ ಮರಗಟ್ಟಿಸಿಯೂ ಆಗುತ್ತದೆ, ಆದರೆ ಬಿಗಿ ಹೆಚ್ಚಾದರೆ ಮಲ ಕಟ್ಟುತ್ತದೆ, ಕಡಿಮೆಯಾದರೆ ಗುದ ಮತ್ತೆ ಜಾರುತ್ತದೆ, ಕೀವೂ ಆಗಬಹುದು. ಬೇರೆ ಯಾವುದೂ ಆಗದವರಿಗೆ ಮಾತ್ರ ಅದು. ಕೆಳಗಿನ ಆಪರೇಷನ್ ಆದವರಲ್ಲಿ ಮತ್ತೆ ಹೊರಬರುವುದು ಹೆಚ್ಚು. ಆ ನಷ್ಟ ಒಪ್ಪಿಕೊಂಡೇ ಮುಂದುವರಿಯಬೇಕು.

ಅಲ್ಲಿಯವರೆಗೆ ಮಲ ಗಟ್ಟಿಯಾಗದಿರಲಿ. ಹೃದಯಕ್ಕಾಗಿ ನೀರಿಗೆ ಮಿತಿ ಹೇಳಿದ್ದರೆ ಇಸಬ್ಗೋಲ್ ಬೇಡ. ನೀರು ಸಾಲದೆ ಅದೇ ಒಳಗೆ ಗಡ್ಡೆ ಕಟ್ಟುತ್ತದೆ. ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಸಿರಪ್ ಆದೀತೇ ಎಂದು ಡಾಕ್ಟರರನ್ನು ಕೇಳಿ. (ಕುಚ್ಚಲಕ್ಕಿ ಗಂಜಿಯ ತಿಳಿಯೂ ನೀರಿನ ಲೆಕ್ಕಕ್ಕೇ ಸೇರುತ್ತದೆ, ಮರೆಯಬೇಡಿ.)

ಪ್ರಶ್ನೆ: ಹೊರಬಂದದ್ದು ಒಳಹೋಗದಿದ್ದರೆ ಸಕ್ಕರೆ ಹಾಕುತ್ತಾರಂತೆ, ನಿಜವೇ?
– ಓದುಗರು, ಮೂಡುಬಿದಿರೆ

ಉತ್ತರ: ನಿಜ, ಆಸ್ಪತ್ರೆಗಳಲ್ಲೂ ಮಾಡುತ್ತಾರೆ. ಅಡುಗೆಮನೆಯ ಹರಳು ಸಕ್ಕರೆಯನ್ನು ಧಾರಾಳವಾಗಿ ಸುರಿದು ಕಾಲು ಗಂಟೆಯಿಂದ ಅರ್ಧ ಗಂಟೆ ಬಿಟ್ಟರೆ ಅದು ಬಾವಿನ ನೀರನ್ನು ಎಳೆದುಕೊಳ್ಳುತ್ತದೆ. ಬಳಿಕ ಮೆಲ್ಲನೆ ಒತ್ತುತ್ತಾರೆ. ಬಣ್ಣ ಕೆಂಪಗಿದ್ದರೆ ಮಾತ್ರ. ನೇರಳೆ ಅಥವಾ ಕಪ್ಪಾಗಿದ್ದರೆ, ವಾಸನೆ, ಜ್ವರ, ತಲೆತಿರುಗು ಇದ್ದರೆ ಒತ್ತಲೇಬೇಡಿ, ಒದ್ದೆ ಬಟ್ಟೆ ಮುಚ್ಚಿ 108ಕ್ಕೆ ಕರೆ ಮಾಡಿ. ಆಗ ಸ್ಟೆಂಟ್ ಇದ್ದರೂ ಕಾಯುವಂತಿಲ್ಲ: ಡ್ರಿಪ್, ಆ್ಯಂಟಿಬಯೋಟಿಕ್ ಕೊಟ್ಟು, ಕುಸಿದ ಬಿ.ಪಿ. ಏರಿಸುತ್ತಲೇ ಕೊಳೆತ ಭಾಗ ತೆಗೆಯಬೇಕಾಗುತ್ತದೆ. ಬಿ.ಪಿ. ನಿಲ್ಲದವರಲ್ಲಿ ಕರುಳು ಜೋಡಿಸಿದರೆ ಕೂಡದೆ ಸೋರುವ ಸಂಭವ ಹೆಚ್ಚು, ಹಾಗಾಗಿ ಹೊಟ್ಟೆಯ ಮೇಲೆ ಮಲದ ದಾರಿ ಮಾಡಿ ಚೀಲ ಅಂಟಿಸುವುದುಂಟು.