ಓದುಗರ ಪ್ರಶ್ನೆಗಳಿಗೆ ಉತ್ತರ: ಕೋಳಿ ಮಾಂಸವನ್ನು ಮನೆಯಲ್ಲಿ ಕಾಪಾಡುವ ಬಗೆ

ಪ್ರಶ್ನೆ: ಯುಗಾದಿಯ ಮರುದಿನ ಹೊಸತೊಡಕಿಗೆ ನಮ್ಮ ಮನೆಯಲ್ಲಿ ಇಡೀ ಬಳಗಕ್ಕಾಗುವಷ್ಟು ನಾಟಿ ಕೋಳಿ ಸಾರು ಮಾಡುತ್ತೇವೆ. ಉಳಿದದ್ದನ್ನು ರಾತ್ರಿ ಚೆನ್ನಾಗಿ ಕುದಿಸಿ, ಮುಚ್ಚಿ, ಒಲೆಯ ಮೇಲೆಯೇ ಬಿಟ್ಟು, ಬೆಳಿಗ್ಗೆ ಮತ್ತೆ ಕುದಿಸಿ ಮುದ್ದೆಯ ಜೊತೆ ಉಣ್ಣುವುದು ಅತ್ತೆಯವರ ಕಾಲದಿಂದ ಬಂದ ರೂಢಿ. ಇದು ಅಪಾಯ ಎಂದು ಮಗಳು ಹಟ ಹಿಡಿದಿದ್ದಾಳೆ. ಅಷ್ಟು ಕುದಿಸಿದ ಮೇಲೂ ರೋಗಾಣು ಉಳಿಯುತ್ತದೆಯೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ರೂಢಿ ಅರ್ಥವಿಲ್ಲದ್ದೇನಲ್ಲ, ಆದರೂ ಈ ವಿಷಯದಲ್ಲಿ ಮಗಳ ಮಾತನ್ನೇ ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ಹಸಿ ಕೋಳಿಯಲ್ಲಿ ಸಾಮಾನ್ಯವಾಗಿ ಕಂಡುಬರುವ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಮುಂತಾದ ಬ್ಯಾಕ್ಟೀರಿಯಾಗಳು ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಯುತ್ತವೆ, ಹೀಗಾಗಿ ಚೆನ್ನಾಗಿ ಬೆಂದ ಸಾರಿನಲ್ಲಿ ಅವುಗಳ ಭಯವಿಲ್ಲ. ಆದರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬೀಜಕಗಳ ರೂಪದಲ್ಲಿ ಕುದಿಯನ್ನೂ ತಾಳಿಕೊಂಡು ಉಳಿಯಬಲ್ಲದು. ಕುದಿ ಇಳಿದು ಸಾರು ನಿಧಾನವಾಗಿ ಆರುತ್ತಿರುವಾಗ ಆ ಬೀಜಕಗಳು ಮೊಳೆಯುತ್ತವೆ. 43ರಿಂದ 47 ಡಿಗ್ರಿಯ ಹದವಾದ ಬಿಸಿ ಅವಕ್ಕೆ ಅತ್ಯಂತ ಪ್ರಿಯ, ಮತ್ತು ಗಾಳಿಯಾಡದ ಆಳವಾದ ಪಾತ್ರೆಯ ತಳ ಅವಕ್ಕೆ ಹೇಳಿ ಮಾಡಿಸಿದ ಜಾಗ. ಏಪ್ರಿಲ್ ತಿಂಗಳ ಸೆಕೆಯಲ್ಲಿ ರಾತ್ರಿ ಹತ್ತಕ್ಕೆ ಮುಚ್ಚಿಟ್ಟ ದೊಡ್ಡ ಪಾತ್ರೆಯ ಮುಚ್ಚಳವನ್ನು ಬೆಳಿಗ್ಗೆ ಆರಕ್ಕೆ ಎತ್ತಿ ಸೌಟನ್ನು ತಳಕ್ಕೆ ಇಳಿಸಿ ನೋಡಿ: ಮೇಲೆ ಕೊಬ್ಬು ಕೆನೆಗಟ್ಟಿದ್ದರೂ ತಳದ ತುಂಡುಗಳು ಇನ್ನೂ ಉಗುರುಬೆಚ್ಚಗಿರುತ್ತವೆ. ಅಂದರೆ ಆ ಸಾರು ರಾತ್ರಿಯ ಬಹುಭಾಗವನ್ನು 5 ಮತ್ತು 60 ಡಿಗ್ರಿಗಳ ನಡುವಿನ ಅಪಾಯದ ವಲಯದಲ್ಲಿಯೇ ಕಳೆದಿದೆ.

ಬೆಳಿಗ್ಗೆ ಮತ್ತೆ ಮರಳಿಸಿ ಕುದಿಸಿದರೆ ಹೀಗೆ ಬೆಳೆದ ಕ್ಲಾಸ್ಟ್ರಿಡಿಯಂ ಸಾಯುತ್ತದೆ ಎಂಬುದು ನಿಜ. ಅತ್ತೆಯವರ ಕಾಲದಲ್ಲಿ ಹೆಚ್ಚಿನ ಸಲ ಏನೂ ಆಗದಿದ್ದುದಕ್ಕೆ ಇದೇ ಕಾರಣವಿರಬಹುದು. ಆದರೆ ಅವಸರದ ದಿನ ಅಂಚಿನಲ್ಲಿ ಗುಳ್ಳೆ ಬಂದೊಡನೆ ಉರಿ ಆರಿಸಿ ಬಡಿಸಿದರೆ ಆ ರಕ್ಷಣೆ ಇರುವುದಿಲ್ಲ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ನಮ್ಮ ಕೈ, ಮೂಗು ಮತ್ತು ಗಾಯಗಳಲ್ಲಿರುವ ಸ್ಟಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬಡಿಸುವವರ ಕೈಯಿಂದಲೋ ರುಚಿ ನೋಡಿದ ಸೌಟಿನಿಂದಲೋ ಬೆಂದ ಸಾರಿಗೆ ಸೇರಿ, ರಾತ್ರಿಯೆಲ್ಲ ಬೆಳೆದು ವಿಷವನ್ನು ಬಿಡುತ್ತದೆ. ಬ್ಯಾಕ್ಟೀರಿಯಾ ಕುದಿಯಲ್ಲಿ ಸತ್ತರೂ ಅದು ಬಿಟ್ಟ ವಿಷ ಅರ್ಧ ಗಂಟೆ ಕುದಿಸಿದರೂ ಹೋಗುವುದಿಲ್ಲ. ಉಂಡ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾದರೆ ನಂಟರು ಖಾರ ಹೆಚ್ಚಾಯಿತು ಎಂದು ಹೇಳಿ ಸುಮ್ಮನಾಗುತ್ತಾರೆ, ಸಾರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಕಾಯಿ ರುಬ್ಬಿ ಹಾಕಿದ ಸಾರಾದರೆ ಬೇಗ ಹಳಸುತ್ತದೆ, ವಾಸನೆಯಾದರೂ ಎಚ್ಚರಿಸುತ್ತದೆ. ರೋಗ ತರುವ ಈ ಬ್ಯಾಕ್ಟೀರಿಯಾಗಳು ಮಾತ್ರ ವಾಸನೆ, ಬಣ್ಣ, ನೂಲು ಯಾವುದನ್ನೂ ತೋರಿಸದೆ ಬೆಳೆಯಬಲ್ಲವು.

ಹಾಗಾದರೆ ಮಾಡಬೇಕಾದದ್ದೇನು? ಊಟ ಮುಗಿದ ಮೇಲೆ ಹರಟೆಗೆ ಕೂರುವ ಮೊದಲೇ ಉಳಿದ ಸಾರನ್ನು ಮೂರು ನಾಲ್ಕು ಅಗಲವಾದ ಪಾತ್ರೆಗಳಿಗೆ, ಎರಡು ಅಂಗುಲಕ್ಕಿಂತ ಆಳವಿಲ್ಲದಂತೆ ಹಂಚಿ. ತಣ್ಣೀರು ತುಂಬಿದ ಬೇಸನ್ನಿನಲ್ಲಿ ಆ ಪಾತ್ರೆಗಳನ್ನು ಇಟ್ಟು ನಡುನಡುವೆ ಕದಡಿದರೆ ಅರ್ಧ ಗಂಟೆಯೊಳಗೆ ಹಬೆ ನಿಲ್ಲುತ್ತದೆ, ಆಗ ಫ್ರಿಜ್‌ಗೆ ಸೇರಿಸಿ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ, ಹೊರಗಿನ ಬಿಸಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆಯೊಳಗೆ, ಈ ಕೆಲಸ ಮುಗಿಯಬೇಕು. ಬೆಚ್ಚಗಿನ ಪದಾರ್ಥವನ್ನು ಫ್ರಿಜ್‌ನಲ್ಲಿ ಇಟ್ಟರೆ ಫ್ರಿಜ್ ಕೆಡುತ್ತದೆ ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಕುದಿಯುವ ಹಂಡೆಯನ್ನೇ ಒಳಗೆ ತಳ್ಳದಿರುವವರೆಗೆ ಅದಕ್ಕೆ ಆಧಾರವಿಲ್ಲ. ಹೀಗೆ ಇಟ್ಟ ಸಾರು ಮೂರರಿಂದ ನಾಲ್ಕು ದಿನ ಉಣ್ಣಲು ಯೋಗ್ಯ. ಪ್ರತಿಸಲ ಬೇಕಾದಷ್ಟನ್ನು ಮಾತ್ರ ಹೊರತೆಗೆದು, ಕಳಕಳ ಕುದಿಸಿ, ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಒಳಗಿಡದೆ ಮುಗಿಸಿಬಿಡಿ.

ಪ್ರಶ್ನೆ: ಹಸಿ ಕೋಳಿಯನ್ನು ಫ್ರಿಜ್‌ನ ಕೆಳಗಿನ ಹಲಗೆಯಲ್ಲೇ ಇಡಬೇಕೆಂದು ಓದಿದೆ. ನಮ್ಮದು ಒಂದೇ ಬಾಗಿಲಿನ ಹಳೆಯ ಫ್ರಿಜ್, ಕೆಳಗೆ ತರಕಾರಿಯ ಡಬ್ಬ ಮಾತ್ರ ಇದೆ. ಮೇಲಿರುವ ತಟ್ಟೆ ಹೆಚ್ಚು ತಣ್ಣಗಿರುವುದರಿಂದ ಅಲ್ಲಿಯೇ ಇಡುತ್ತಿದ್ದೇನೆ. ಇದು ಸರಿಯೇ? ಎಷ್ಟು ದಿನ ಇಡಬಹುದು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಪಾಶ್ಚಾತ್ಯ ದೇಶಗಳ ದೊಡ್ಡ ಫ್ರಿಜ್‌ಗಳನ್ನು ನೋಡಿ ಬರೆದ ಸಲಹೆಯನ್ನು ನಮ್ಮ ಮನೆಗಳಿಗೆ ಹಾಗೆಯೇ ಅನ್ವಯಿಸಿದರೆ ಆಗುವ ಗೊಂದಲ ಇದು. ಹಸಿ ಮಾಂಸದ ನೀರು ಇತರ ಆಹಾರದ ಮೇಲೆ ತೊಟ್ಟಿಕ್ಕಬಾರದು ಎಂಬುದು ಕೆಳಗಿಡುವ ನಿಯಮದ ಉದ್ದೇಶ. ಒಂದು ಬಾಗಿಲಿನ ಫ್ರಿಜ್‌ನಲ್ಲಾದರೋ ಫ್ರೀಜರ್‌ನ ಕೆಳಗಿನ ಚಿಲ್ ಟ್ರೇ ಎಲ್ಲಕ್ಕಿಂತ ತಣ್ಣಗಿರುತ್ತದೆ, ಆದರೆ ಅದರ ಕೆಳಗೇ ಹಾಲು, ಮೊಸರು, ಮಾಡಿಟ್ಟ ಪಲ್ಯ ಎಲ್ಲವೂ ಇರುತ್ತವೆ. ಅಂಗಡಿಯಿಂದ ತಂದ ತೆಳುವಾದ ಪ್ಲಾಸ್ಟಿಕ್ ಚೀಲದ ಗಂಟನ್ನು ಬಿಚ್ಚದೆ ಆ ಟ್ರೇನಲ್ಲಿ ಇಟ್ಟರೆ, ಮೂಳೆಯ ಚೂಪಾದ ತುದಿ ಚೀಲವನ್ನು ಚುಚ್ಚಿ, ಕೆಂಪು ನೀರು ಟ್ರೇಯ ಅಂಚಿನಿಂದ ಹನಿಯುವುದಕ್ಕೆ ಒಂದು ರಾತ್ರಿ ಸಾಕು. ಆದ್ದರಿಂದ ಜಾಗವನ್ನು ಬದಲಿಸುವುದಕ್ಕಿಂತ ಪಾತ್ರೆಯನ್ನು ಬದಲಿಸಿ. ಬಿಗಿಯಾದ ಮುಚ್ಚಳವಿರುವ ಆಳವಾದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಚಿಲ್ ಟ್ರೇನಲ್ಲೇ ಇಡಿ, ಆ ಡಬ್ಬಿಯನ್ನು ಹಸಿ ಮಾಂಸಕ್ಕೆಂದೇ ಮೀಸಲಿಡಿ. ಎರಡು ಬಾಗಿಲಿನ ಫ್ರಿಜ್ ಇರುವವರು ಕೆಳಗಿನ ಹಲಗೆಯ ನಿಯಮವನ್ನೇ ಪಾಲಿಸಲಿ.

ಫ್ರಿಜ್ 4 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಹಸಿ ಕೋಳಿಯನ್ನು ಒಂದು, ಹೆಚ್ಚೆಂದರೆ ಎರಡು ದಿನ ಇಡಬಹುದು. ಲಿವರ್, ಗುಂಡಿಗೆ ಮುಂತಾದವನ್ನು ತಂದ ದಿನವೇ ಬೇಯಿಸುವುದು ಮೇಲು. ಫ್ರಿಜ್‌ನ ತಂಪು ಹೊಂದಿಸುವ ಗುಂಡಿಯ ಮೇಲಿನ ಅಂಕಿ ಡಿಗ್ರಿಯಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. ಸಾಮಾನ್ಯವಾಗಿ ಅಂಕಿ ಹೆಚ್ಚಿದಷ್ಟೂ ಒಳಗೆ ತಂಪು ಹೆಚ್ಚು. ಫ್ರಿಜ್ ಥರ್ಮಾಮೀಟರೊಂದನ್ನು ಕೊಂಡು, ನೀರಿನ ಲೋಟದಲ್ಲಿ ಮುಳುಗಿಸಿ ನಡುವಿನ ಹಲಗೆಯಲ್ಲಿ ಒಂದು ರಾತ್ರಿ ಇಟ್ಟರೆ ನಿಜಸ್ಥಿತಿ ತಿಳಿಯುತ್ತದೆ. ಎರಡು ದಿನಕ್ಕಿಂತ ಹೆಚ್ಚು ಬೇಕೆಂದರೆ ತಂದ ದಿನವೇ ಫ್ರೀಜರ್‌ಗೆ ಹಾಕಬೇಕು. ಆಗಷ್ಟೇ ಕೊಯ್ದ ಕೋಳಿಯ ಸ್ನಾಯುಗಳು ಮೊದಲ ಕೆಲವು ಗಂಟೆ ಬಿಗಿದುಕೊಂಡಿರುತ್ತವೆ. ಅದನ್ನು ಅಷ್ಟು ಹೊತ್ತು ಫ್ರಿಜ್‌ನಲ್ಲಿಟ್ಟು ಬಳಿಕ ಫ್ರೀಜರ್‌ಗೆ ಸಾಗಿಸಿದರೆ ಬೆಂದಾಗ ಮೃದುವಾಗಿರುತ್ತದೆ. ಮೈನಸ್ 18 ಡಿಗ್ರಿಯಲ್ಲಿ ತುಂಡು ಮಾಡಿದ ಕೋಳಿ ಒಂಬತ್ತು ತಿಂಗಳವರೆಗೂ ರುಚಿಗೆಡದೆ ಉಳಿಯುತ್ತದೆ ಎನ್ನುತ್ತಾರಾದರೂ, ಹಳೆಯ ಫ್ರಿಜ್‌ನ ಸಣ್ಣ ಫ್ರೀಜರ್ ಅಷ್ಟು ತಣಿಯುವುದು ಕಷ್ಟ. ಅದರಲ್ಲಿಟ್ಟ ಐಸ್‌ಕ್ರೀಂ ಕಲ್ಲಿನಂತೆ ಗಟ್ಟಿಯಾಗಿರದೆ ಚಮಚಕ್ಕೆ ಸುಲಭವಾಗಿ ಬರುವಂತಿದ್ದರೆ, ಕೋಳಿಯನ್ನು ಒಂದೆರಡು ವಾರದೊಳಗೆ ಬಳಸಿಬಿಡಿ.

ಪ್ರಶ್ನೆ: ಕೋಳಿಯನ್ನು ತೊಳೆಯಲೇಬಾರದು ಎಂದು ಮಗ ವಿದೇಶದಿಂದ ಫೋನ್ ಮಾಡಿ ಹೇಳುತ್ತಾನೆ. ಅಂಗಡಿಯವರು ಕೊಡುವ ಮಾಂಸದಲ್ಲಿ ರಕ್ತ, ಪುಕ್ಕದ ಬುಡ ಎಲ್ಲ ಇರುವಾಗ ತೊಳೆಯದೆ ಕೋರಿ ಗಸ್ಸಿ ಮಾಡುವುದಾದರೂ ಹೇಗೆ?
— ಓದುಗರೊಬ್ಬರು, ಉಡುಪಿ

ಉತ್ತರ: ಮಗ ಇರುವಲ್ಲಿ ಕಾರ್ಖಾನೆಯಲ್ಲಿ ಶುಚಿ ಮಾಡಿ ಪ್ಯಾಕ್ ಮಾಡಿದ ಕೋಳಿ ಸಿಗುತ್ತದೆ, ಅದಕ್ಕೆ ಅವರ ಸಲಹೆ ಸರಿಯಾಗಿಯೇ ಇದೆ. ಅಮೆರಿಕದ ಕೃಷಿ ಇಲಾಖೆ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೋಳಿಯನ್ನು ತೊಳೆದವರ ಪೈಕಿ ಶೇ. 60ರಷ್ಟು ಜನರ ಸಿಂಕ್‌ನಲ್ಲಿ ಬ್ಯಾಕ್ಟೀರಿಯಾ ಉಳಿದಿತ್ತು, ಶೇ. 26ರಷ್ಟು ಜನರಲ್ಲಿ ಅದು ಸಲಾಡಿನ ಸೊಪ್ಪಿಗೂ ದಾಟಿತ್ತು. ಕಣ್ಣೆದುರೇ ಕತ್ತರಿಸಿಕೊಡುವ ನಮ್ಮ ಅಂಗಡಿಗಳ ಮಾಂಸವನ್ನು ತೊಳೆಯದೆ ಬೇಯಿಸಿ ಎಂದು ನಾವು ಹೇಳಲಾರೆವು, ಹೇಳಿದರೂ ಯಾರೂ ಕೇಳಲಾರರು. ತೊಳೆಯುವ ರೀತಿಯನ್ನಾದರೂ ಬದಲಿಸಿಕೊಳ್ಳಬಹುದು. ಜೋರಾಗಿ ಬಿಟ್ಟ ನಲ್ಲಿಯ ಕೆಳಗೆ ಹಿಡಿಯದೆ, ಆಳವಾದ ಪಾತ್ರೆಯಲ್ಲಿ ನೀರು ತುಂಬಿ, ಅದರೊಳಗೆ ತುಂಡುಗಳನ್ನು ಮೆಲ್ಲಗೆ ಅಲುಗಾಡಿಸಿ, ನೀರನ್ನು ಸಿಂಕ್‌ನ ತೂತಿನ ಹತ್ತಿರವೇ ನಿಧಾನವಾಗಿ ಬಗ್ಗಿಸಿ. ಸುತ್ತಲಿನ ಕೊತ್ತಂಬರಿ ಸೊಪ್ಪು, ತೊಳೆದಿಟ್ಟ ತಟ್ಟೆ ಲೋಟಗಳನ್ನು ಮೊದಲೇ ದೂರ ಸರಿಸಿ, ಕೊನೆಗೆ ಸಿಂಕ್, ನಲ್ಲಿಯ ಹಿಡಿ, ಕತ್ತರಿಸುವ ಮಣೆ ಮತ್ತು ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ಅರಿಶಿನ, ಉಪ್ಪು ಹಚ್ಚಿ ತೊಳೆದರೆ ಲೋಳೆ ಮತ್ತು ವಾಸನೆ ಹೋಗುತ್ತವೆ, ರೋಗಾಣು ಹೋಗುವುದು ಒಲೆಯ ಮೇಲೆ ಮಾತ್ರ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮಲ್ಲಿ ಗಂಟೆಗಟ್ಟಲೆ ಕರೆಂಟ್ ಇರುವುದಿಲ್ಲ. ಫ್ರೀಜರ್‌ನ ಕೋಳಿ ಕರಗಿ ಮತ್ತೆ ಗಟ್ಟಿಯಾದರೆ ತಿನ್ನಬಹುದೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪನ್ನು ಹಿಡಿದಿಡುತ್ತದೆ. ದೊಡ್ಡ ಫ್ರೀಜರ್ ಭರ್ತಿಯಿದ್ದರೆ 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ತಡೆಯಬಹುದೆಂಬ ಲೆಕ್ಕವಿದೆ. ನಿಮ್ಮ ಊರಿನ ಬಿಸಿಲಿಗೆ, ಸಣ್ಣ ಫ್ರೀಜರ್‌ಗೆ ಅಷ್ಟನ್ನು ನಂಬಬೇಡಿ. ಕರೆಂಟ್ ಬಂದಾಗ ಮಾಂಸದಲ್ಲಿ ಇನ್ನೂ ಮಂಜಿನ ಹರಳುಗಳಿದ್ದರೆ ಅಥವಾ ಅದು ಫ್ರಿಜ್‌ನಷ್ಟು ತಣ್ಣಗಿದ್ದರೆ ಭಯವಿಲ್ಲ, ಮತ್ತೆ ಹೆಪ್ಪುಗಟ್ಟಲು ಬಿಡಬಹುದು. ನೀವು ಮನೆಯಲ್ಲಿಲ್ಲದಾಗ ಏನಾಯಿತೆಂದು ತಿಳಿಯಲು ಒಂದು ಉಪಾಯವಿದೆ: ಬಟ್ಟಲಿನಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಮೇಲೊಂದು ನಾಣ್ಯವಿಟ್ಟು ಫ್ರೀಜರ್‌ನಲ್ಲೇ ಬಿಡಿ. ನಾಣ್ಯ ತಳ ಸೇರಿದ್ದರೆ ಮಂಜು ಪೂರ್ತಿ ಕರಗಿತ್ತೆಂದೇ ಅರ್ಥ, ಆ ಕೋಳಿಯನ್ನು ಎಸೆಯಿರಿ.

ಅಡುಗೆಗೆಂದು ನೀವೇ ಕರಗಿಸುವಾಗಲೂ ಬೆಳಿಗ್ಗೆ ಕಟ್ಟೆಯ ಮೇಲಿಟ್ಟು ಕೆಲಸಕ್ಕೆ ಹೋಗಬೇಡಿ, ಏಕೆಂದರೆ ಒಳಗೆ ಇನ್ನೂ ಕಲ್ಲಾಗಿರುವಾಗಲೇ ಹೊರಪದರ ಬೆಚ್ಚಗಾಗಿ ಬ್ಯಾಕ್ಟೀರಿಯಾ ಬೆಳೆಯತೊಡಗುತ್ತದೆ. ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ. ಅವಸರವಿದ್ದರೆ ನೀರು ನುಗ್ಗದ ಚೀಲದಲ್ಲಿ ಕಟ್ಟಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ, ಕರಗಿದೊಡನೆ ಬೇಯಿಸಿ.

ಪ್ರಶ್ನೆ: ಮೊಸರು, ನಿಂಬೆರಸ, ಖಾರ ಹಚ್ಚಿದ ಕೋಳಿ ಹೊರಗಿಟ್ಟರೂ ಕೆಡುವುದಿಲ್ಲವಲ್ಲವೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಕೆಡುತ್ತದೆ. ಮಸಾಲೆಯ ಹುಳಿ ಮಾಂಸದ ಮೇಲ್ಪದರವನ್ನು ಮೆತ್ತಗೆ ಮಾಡುತ್ತದೆಯೇ ಹೊರತು ಸಾಲ್ಮೊನೆಲ್ಲಾವನ್ನು ಕೊಲ್ಲುವಷ್ಟು ಶಕ್ತಿ ಅದಕ್ಕಿಲ್ಲ. ಮಸಾಲೆ ಹಚ್ಚಿದ ಕೋಳಿಗೂ ಫ್ರಿಜ್ಜೇ ಗತಿ, ಅಲ್ಲಿಯೂ ಎರಡೇ ದಿನ. ಬಟ್ಟಲಿನಲ್ಲಿ ಉಳಿದ ಮಸಾಲೆಯನ್ನು ಹುರಿದ ತುಂಡುಗಳ ಮೇಲೆ ಹಸಿಯಾಗಿ ಸವರಬಾರದು. ಬೇಕೇಬೇಕೆಂದರೆ ಬಾಣಲೆಯಲ್ಲಿ ಕುದಿಸಿ ಬಳಸಿ.

ಪ್ರಶ್ನೆ: ರಾತ್ರಿ ಉಳಿದ ಚಿಕನ್ ಬಿರಿಯಾನಿಯನ್ನು ಬೆಳಿಗ್ಗೆ ಮಕ್ಕಳ ಡಬ್ಬಿಗೆ ಹಾಕಿ ಕಳಿಸಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬಿರಿಯಾನಿಯಲ್ಲಿ ಕೋಳಿಗಿಂತ ಅನ್ನದ ಕಡೆಗೇ ಹೆಚ್ಚು ಗಮನ ಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳೂ ಬೇಯಿಸಿದಾಗ ಸಾಯದೆ ಉಳಿಯಬಲ್ಲವು, ಅನ್ನ ಹೊರಗೆ ಬಿದ್ದಿದ್ದಾಗ ಬೆಳೆದು ಅವು ಬಿಡುವ ವಾಂತಿಕಾರಕ ವಿಷವೂ ಮರುಬಿಸಿಗೆ ಜಗ್ಗುವುದಿಲ್ಲ. ದಮ್ ಕಟ್ಟಿದ ಪಾತ್ರೆಯಲ್ಲೇ ರಾತ್ರಿಯಿಡೀ ಉಳಿದ ಬಿರಿಯಾನಿಯನ್ನು ಯಾರಿಗೂ ಕೊಡಬೇಡಿ. ಎರಡು ಗಂಟೆಯೊಳಗೆ ತಟ್ಟೆಯಲ್ಲಿ ಹರಡಿ, ಆರಿಸಿ, ಫ್ರಿಜ್‌ನಲ್ಲಿ ಇಟ್ಟದ್ದಾದರೆ ಮನೆಯಲ್ಲೇ ಹಬೆಯಾಡುವಂತೆ ಬಿಸಿ ಮಾಡಿ ಬೆಳಿಗ್ಗೆಯ ತಿಂಡಿಗೆ ತಿನ್ನಲಿ. ಎಂಟು ಗಂಟೆಗೆ ತುಂಬಿದ ಡಬ್ಬಿಯನ್ನು ಮಕ್ಕಳು ತೆರೆಯುವಾಗ ಮಧ್ಯಾಹ್ನ ಒಂದಾಗಿರುತ್ತದೆ, ಆ ಐದು ಗಂಟೆ ಅದು ಶಾಲೆಯ ಚೀಲದೊಳಗೆ ಉಗುರುಬೆಚ್ಚಗೆ ಕೂತಿರುತ್ತದೆ. ಶಾಲೆಯ ಡಬ್ಬಿಗೆ ಚಿತ್ರಾನ್ನವೋ ಚಪಾತಿಯೋ ಆಗಲಿ, ಅದೂ ಬೆಳಿಗ್ಗೆ ಹೊಸದಾಗಿ ಮಾಡಿದ್ದಿರಲಿ.